ಕೊಕ್ಕರೆಬೆಳ್ಳೂರಿನ ಹಕ್ಕಿ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಕಳೆಯುತ್ತಿದ್ದ ಹಾಗೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಮಾತು: "ಹಕ್ಕಿ ಬಂದ್ವಾ?" ಊರಿನ ಗೆಳೆಯರೊಬ್ಬರು "ಮೂರು ಬಂದವೆ, ಗೋಣಿಮರದ ಮ್ಯಾಲೆ ಕೂತವೆ" ಅಂತ ಬರೆದ ದಿನದಿಂದ ನಮ್ಮ ಸೀಸನ್ ಶುರು. ಆಮೇಲೆ ನಮಗೆ ಬರುವ ಫೋನುಗಳೂ ಶುರು. ವರ್ಷ ವರ್ಷ ಅವೇ ಪ್ರಶ್ನೆ, ಅವೇ ಉತ್ತರ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಬರುವ ಮೊದಲು ಒಮ್ಮೆ ಓದಿಕೊಳ್ಳಿ.

ಕೊಕ್ಕರೆಬೆಳ್ಳೂರು ಎಲ್ಲಿದೆ? ಹೇಗೆ ಬರುವುದು?

ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿ ಮದ್ದೂರು ಸಿಗುವ ಮೊದಲು ರುದ್ರಾಕ್ಷಿಪುರ ಬರುತ್ತದೆ. ಅಲ್ಲಿ ತಿರುಗಿಕೊಂಡರೆ ಒಳಗೆ ಸುಮಾರು 12 ಕಿಲೋಮೀಟರ್. ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ ಬರುವವರು ಹುಷಾರು. ಮೇಲಿನ ರಸ್ತೆಯಲ್ಲೇ ಓಡಿಸಿಕೊಂಡು ಬಂದು, ತಿರುವು ಹಿಂದೆಯೇ ಹೋಯಿತು ಎಂದು ಮದ್ದೂರಿನಿಂದ ಫೋನ್ ಮಾಡುವವರು ಪ್ರತಿ ವಾರ ಒಬ್ಬರಾದರೂ ಇರುತ್ತಾರೆ. ಚನ್ನಪಟ್ಟಣದ ಹತ್ತಿರವೇ ಸರ್ವಿಸ್ ರಸ್ತೆಗೆ ಇಳಿದುಬಿಡಿ. ಬೈಕಿನವರಿಗೆ ಈ ಗೊಂದಲವೇ ಇಲ್ಲ, 2023ರ ಆಗಸ್ಟ್‌ನಿಂದ ಅವರಿಗೆ ಮೇಲಿನ ರಸ್ತೆಗೆ ಪ್ರವೇಶವೇ ಇಲ್ಲ.

ರೈಲಿನಲ್ಲಿ ಬರುವವರು ಮದ್ದೂರಿನಲ್ಲಿ ಇಳಿದು ಆಟೊ ಹಿಡಿಯಬಹುದು. ವಡೆ ತಿನ್ನುವುದನ್ನು ವಾಪಸ್ ಹೋಗುವಾಗ ಇಟ್ಟುಕೊಳ್ಳಿ. ಬೆಳಿಗ್ಗೆ ವಡೆ ತಿನ್ನುತ್ತಾ ಕೂತರೆ ಬಿಸಿಲೇರಿಬಿಡುತ್ತದೆ.

ಇದು ಪಕ್ಷಿಧಾಮ ತಾನೇ? ಗೇಟು, ಟಿಕೆಟ್ ಎಲ್ಲಿ?

ಗೇಟೂ ಇಲ್ಲ, ಬೇಲಿಯೂ ಇಲ್ಲ. ಇದು ಒಂದು ಊರು. ಮನೆ, ಕೊಟ್ಟಿಗೆ, ಹುಲ್ಲಿನ ಮೆದೆ, ಅಂಗಡಿ, ದೇವಸ್ಥಾನ ಎಲ್ಲ ಇರುವ ಊರು. ಹಕ್ಕಿಗಳು ಗೂಡು ಕಟ್ಟುವುದು ಜನರ ಹಿತ್ತಲಿನ ಹುಣಸೆಮರದಲ್ಲಿ, ಬೀದಿಯ ಅರಳಿಮರದಲ್ಲಿ, ಗೋಣಿ, ಬಸರಿ ಮರಗಳಲ್ಲಿ. ಸರ್ಕಾರ 2007ರಲ್ಲಿ ಸುಮಾರು 312 ಹೆಕ್ಟೇರ್ ಜಾಗವನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಅಭಯಾರಣ್ಯಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಸಮುದಾಯ ಮೀಸಲಿನಲ್ಲಿ ನೆಲ ಜನರದೇ, ಮರ ಜನರದೇ, ಕಾಯುವ ಕೆಲಸದಲ್ಲೂ ಜನರ ಪಾಲು ಇರುತ್ತದೆ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದಾಗ ಹುಟ್ಟಿದ ವ್ಯವಸ್ಥೆ ಇದು.

ನಡಿಗೆಗೆ ಬರುವವರು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಇದೊಂದೇ: ನೀವು ಬರುತ್ತಿರುವುದು ಕಾಡಿಗಲ್ಲ, ಯಾರದೋ ಮನೆಯ ಹಿತ್ತಲಿಗೆ. ಕೆಳಗೆ ಬರೆದಿರುವ ನಮ್ಮ ನಿಯಮಗಳೆಲ್ಲ ಇದರಿಂದಲೇ ಹುಟ್ಟಿದವು.

ಗುಂಪಿಗೆ 12 ಜನ ಮಾತ್ರ ಯಾಕೆ? ನಮ್ಮ ಆಫೀಸಿನಿಂದ 30 ಜನ ಬರಬೇಕು ಅಂತಿದ್ದೇವೆ.

ಒಂದು ಸಲ ನಾನೇ 30 ಜನರನ್ನು ಕರೆದುಕೊಂಡು ಬಂದಿದ್ದೆ. ಎಲ್ಲರೂ ಒಳ್ಳೆಯವರೇ. ಆದರೆ 30 ಜನ ಒಂದು ಹಿತ್ತಲಿಗೆ ನುಗ್ಗಿದರೆ ಒಳ್ಳೆಯತನಕ್ಕೆ ಜಾಗ ಎಲ್ಲಿರುತ್ತದೆ? ಯಾರೋ ಒಣಹಾಕಿದ್ದ ಹುರುಳಿಯ ಮೇಲೆ ಕಾಲಿಟ್ಟರು. ಇನ್ಯಾರೋ ಕಟ್ಟಿದ್ದ ಎಮ್ಮೆಯ ಜೊತೆ ಸೆಲ್ಫಿಗೆ ನಿಂತರು, ಎಮ್ಮೆ ಗೂಟ ಕಿತ್ತುಕೊಂಡಿತು. ಮನೆಯ ಯಜಮಾನಿ ಹೊರಗೆ ಬಂದು ನನ್ನನ್ನೇ ಹಿಡಿದು ಕೇಳಿದರು: "ಅಲ್ಲ ಕಣಪ್ಪ, ನಿಮ್ಮನೆ ಹಿತ್ಲಿಗೆ ನಾವು ಹಿಂಗೇ ಮೂವತ್ ಜನ ಬಂದ್ರೆ ನೀನು ಕಾಪಿ ಕೊಟ್ ಕೂರಿಸ್ತೀಯಾ?" ಉತ್ತರ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಆವತ್ತಿನಿಂದ 12 ಎಂದರೆ 12. ನಿಮ್ಮ ಆಫೀಸಿನವರು ಮೂರು ಭಾನುವಾರಗಳಲ್ಲಿ ಹಂಚಿಕೊಂಡು ಬನ್ನಿ.

ಯಾವ ತಿಂಗಳು ಬರಬೇಕು?

ಹೆಜ್ಜಾರ್ಲೆಗಳು (ಪೆಲಿಕನ್) ಅಕ್ಟೋಬರ್–ನವೆಂಬರ್‌ನಲ್ಲಿ ಬರಲು ಶುರು ಮಾಡುತ್ತವೆ. ಬಣ್ಣದ ಕೊಕ್ಕರೆಗಳು ಸ್ವಲ್ಪ ನಿಧಾನ, ಸಂಕ್ರಾಂತಿಯ ಆಸುಪಾಸಿನಲ್ಲಿ ಅವುಗಳ ಗದ್ದಲ ಜೋರಾಗುತ್ತದೆ. ಎರಡನ್ನೂ ಒಟ್ಟಿಗೆ, ಮರಿಗಳ ಸಮೇತ ನೋಡಬೇಕು ಎಂದರೆ ಜನವರಿಯ ಕೊನೆಯಿಂದ ಮಾರ್ಚ್‌ವರೆಗೆ ಬನ್ನಿ. ಏಪ್ರಿಲ್‌ನಲ್ಲೂ ಮರಿಗಳು ಸಿಗುತ್ತವೆ, ಬಿಸಿಲು ನಿಮ್ಮನ್ನು ಸುಡುತ್ತದೆ. ಮುಂಗಾರು ಕಾಲಿಡುವ ಹೊತ್ತಿಗೆ ಮರಗಳು ಖಾಲಿ.

ಕೆರೆ ತುಂಬದ ವರ್ಷ ಈ ಲೆಕ್ಕ ತಪ್ಪುತ್ತದೆ. ನೀರಿಲ್ಲ ಎಂದರೆ ಮೀನಿಲ್ಲ, ಮೀನಿಲ್ಲ ಎಂದರೆ ಸಂಸಾರ ಹೂಡುವ ಧೈರ್ಯ ಹಕ್ಕಿಗೂ ಇರುವುದಿಲ್ಲ. ಹೊರಡುವ ಮೊದಲು ಗುಂಪಿನಲ್ಲಿ ಒಂದು ಮಾತು ಕೇಳಿ.

ಹಕ್ಕಿಗಳು ಆಸ್ಟ್ರೇಲಿಯಾದಿಂದ ಬರುತ್ತವಂತೆ, ನಿಜವೇ?

ಅಲ್ಲ. ಸೈಬೀರಿಯಾದಿಂದಲೂ ಅಲ್ಲ. ಯಾರು ಯಾವಾಗ ಹೇಳಿದರೋ, ದೂರದ ದೇಶದಿಂದ ಬಂದರೇ ಬೆಲೆ ಎನ್ನುವ ಹಾಗೆ ಈ ಮಾತು ಊರೂರಲ್ಲಿ ಉಳಿದುಬಿಟ್ಟಿದೆ. ಈ ಹೆಜ್ಜಾರ್ಲೆ (ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆ ಎನ್ನುತ್ತಾರೆ) ಅಪ್ಪಟ ನಮ್ಮ ಕಡೆಯದೇ. ದಕ್ಷಿಣ ಭಾರತ, ಶ್ರೀಲಂಕಾ, ಅಸ್ಸಾಂ, ಕಾಂಬೋಡಿಯಾಗಳಲ್ಲಿ ಗೂಡು ಕಟ್ಟುತ್ತದೆ. ಬಣ್ಣದ ಕೊಕ್ಕರೆಯೂ ಇಲ್ಲಿನದೇ. ಮರಿ ಬೆಳೆದ ಮೇಲೆ ಇವು ಹೋಗುವುದು ಸಮುದ್ರ ದಾಟಿಕೊಂಡಲ್ಲ, ನೀರಿರುವ ಕೆರೆ, ನದಿ, ಹಿನ್ನೀರುಗಳನ್ನು ಹುಡುಕಿಕೊಂಡು. ಮೈಸೂರಿನ ಕೆರೆಯಲ್ಲಿ ಜುಲೈನಲ್ಲಿ ನೀವು ಕಂಡ ಹೆಜ್ಜಾರ್ಲೆ ಬೆಳ್ಳೂರಿನ ಹುಣಸೆಮರದಲ್ಲೇ ಹುಟ್ಟಿದ್ದಿರಬಹುದು.

ಊರಿನ ಹೆಂಗಸರು ಇದನ್ನು ನಮಗಿಂತ ಚೆನ್ನಾಗಿ ಹೇಳುತ್ತಾರೆ. ಮಗಳು ಹೆರಿಗೆಗೆ ತವರಿಗೆ ಬಂದ ಹಾಗೆ ಹಕ್ಕಿ ಬರುತ್ತದೆ, ಬಾಣಂತನ ಮುಗಿಸಿಕೊಂಡು ಮಕ್ಕಳ ಜೊತೆ ಹೋಗುತ್ತದೆ, ಅಷ್ಟೇ.

ಹೆಜ್ಜಾರ್ಲೆ ಯಾವುದು, ಕೊಕ್ಕರೆ ಯಾವುದು? ನನಗೆ ಎರಡೂ ಒಂದೇ ಥರ ಕಾಣುತ್ತವೆ.

ಐದು ನಿಮಿಷ ನೋಡಿ, ಮತ್ತೆ ಜನ್ಮದಲ್ಲಿ ಮರೆಯುವುದಿಲ್ಲ.

ಹೆಜ್ಜಾರ್ಲೆ ಬೂದು ಬಿಳುಪಿನ ದಪ್ಪ ಹಕ್ಕಿ. ಐದು ಕಿಲೋ ಆಸುಪಾಸಿನ ತೂಕ, ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮೇಲೆ. ಕಾಲು ಗಿಡ್ಡ, ಬಾತುಕೋಳಿಯಂತೆ ಬೆರಳುಗಳ ನಡುವೆ ಪೊರೆ. ಉದ್ದನೆಯ ಕೊಕ್ಕಿನ ಅಂಚಿನಲ್ಲಿ ಸಾಲಾಗಿ ನೀಲಿ ಚುಕ್ಕೆ, ಕೆಳಗೆ ಜೋತುಬಿದ್ದ ಚೀಲ. ಕತ್ತಿನ ಹಿಂದೆ ಎಣ್ಣೆ ಕಾಣದ ತಲೆಗೂದಲಿನಂತೆ ಕೆದರಿದ ಗರಿ. ಈಜಲು ಮಾಡಿದ ಆ ಪಾದಗಳನ್ನು ಇಟ್ಟುಕೊಂಡು ಐದು ಕಿಲೋ ತೂಕದ ಹಕ್ಕಿ ಹುಣಸೆಯ ತುದಿರೆಂಬೆಗೆ ಬಂದು ಇಳಿಯುವುದನ್ನು ನೋಡಬೇಕು. ಗಾಳಿಯಲ್ಲಿ ರೆಕ್ಕೆ ಅಗಲಿಸಿ, ಕಾಲು ಮುಂದೆ ಚಾಚಿ, ಇನ್ನೇನು ಬಿತ್ತು ಎನ್ನುವಷ್ಟರಲ್ಲಿ ರೆಂಬೆ ಮೊಳದುದ್ದ ಕೆಳಗೆ ಬಾಗಿ ಮತ್ತೆ ಮೇಲೆ ಬರುತ್ತದೆ. ಹಕ್ಕಿ ಏನೂ ಆಗದವರಂತೆ ಕೂತಿರುತ್ತದೆ.

ಬಣ್ಣದ ಕೊಕ್ಕರೆಗೆ ಉದ್ದ ಕಾಲು. ಹಳದಿ ಕೊಕ್ಕು ತುದಿಯಲ್ಲಿ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಮುಖದಲ್ಲಿ ಗರಿಯಿಲ್ಲ, ಕಿತ್ತಳೆ ಕೆಂಪಿನ ಬರಿ ಚರ್ಮ. ಎದೆಗೆ ಕಪ್ಪು ಪಟ್ಟಿ, ಬಾಲದ ಹತ್ತಿರ ಗುಲಾಬಿ ಗರಿ. ಕುಂಕುಮದ ನೀರು ಚೆಲ್ಲಿಕೊಂಡಂತಿರುವ ಆ ಗುಲಾಬಿಯಿಂದಲೇ ಅದಕ್ಕೆ ಈ ಹೆಸರು. ಮರಿಗಳಿಗೆ ಈ ಬಣ್ಣ ಯಾವುದೂ ಇರುವುದಿಲ್ಲ, ಮಾಸಲು ಬಿಳಿ ಅಷ್ಟೇ. "ಇದು ಬೇರೆ ಜಾತಿನಾ?" ಎಂದು ಪ್ರತಿ ಗುಂಪಿನಲ್ಲೂ ಒಬ್ಬರು ಕೇಳುತ್ತಾರೆ.

ಮೀನು ಹಿಡಿಯುವ ರೀತಿಯೂ ಬೇರೆ. ಕೊಕ್ಕರೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಕೊಕ್ಕನ್ನು ಅರ್ಧ ತೆರೆದು ಮುಳುಗಿಸಿ ಅತ್ತಿತ್ತ ಆಡಿಸುತ್ತದೆ, ಒಂದು ಕಾಲಿನಿಂದ ಕೆಸರು ಕೆದಕುತ್ತದೆ. ಮೀನು ಕೊಕ್ಕಿಗೆ ತಗುಲಿದ ಕ್ಷಣ ಕೊಕ್ಕು ಮುಚ್ಚಿಬಿಡುತ್ತದೆ. ಕಣ್ಣಿನ ಕೆಲಸಕ್ಕಿಂತ ಸ್ಪರ್ಶದ ಕೆಲಸ ಹೆಚ್ಚು. ಹೆಜ್ಜಾರ್ಲೆಯದು ಬಲೆಯ ಕೆಲಸ.

ಹೆಜ್ಜಾರ್ಲೆ ಆ ಚೀಲದಲ್ಲಿ ಮೀನು ತುಂಬಿಕೊಂಡು ಬರುತ್ತದಾ?

ಮಕ್ಕಳು ಕೇಳುವ ಪ್ರಶ್ನೆ, ದೊಡ್ಡವರೂ ಕದ್ದು ಕೇಳುತ್ತಾರೆ. ಇಲ್ಲ. ಚೀಲ ಸಂಚಿಯಲ್ಲ, ಬಲೆ. ಮೀನಿನ ಜೊತೆ ಲೀಟರುಗಟ್ಟಲೆ ನೀರನ್ನೂ ಎತ್ತಿಕೊಳ್ಳುತ್ತದೆ, ಕೊಕ್ಕು ಕೆಳಗೆ ಮಾಡಿ ನೀರು ಬಸಿದು, ಮೀನನ್ನು ನುಂಗಿಬಿಡುತ್ತದೆ. ಗೂಡಿಗೆ ಬಂದ ಮೇಲೆ ಮರಿ ಅಪ್ಪನದೋ ಅಮ್ಮನದೋ ಗಂಟಲಿಗೆ ತಲೆಯನ್ನೇ ತೂರಿಸಿ ಒಳಗಿನ ಮೀನನ್ನು ಹೊರಗೆ ಎಳೆಯುತ್ತದೆ. ಮೊದಲ ಸಲ ನೋಡಿದವರಿಗೆ ದೊಡ್ಡ ಹಕ್ಕಿ ಮರಿಯನ್ನು ನುಂಗುತ್ತಿದೆ ಅನ್ನಿಸುತ್ತದೆ. ಒಬ್ಬ ಹುಡುಗ ಅತ್ತೇಬಿಟ್ಟಿದ್ದ.

ನಡಿಗೆ ಎಷ್ಟು ಹೊತ್ತು? ಎಲ್ಲೆಲ್ಲಿ ಹೋಗುತ್ತೀರಿ?

ಬೆಳಿಗ್ಗೆ ಆರೂವರೆಗೆ ಊರ ಮುಂದೆ ಸೇರುತ್ತೇವೆ. ಮೊದಲು ಬೀದಿಯ ಮರಗಳು, ಆಮೇಲೆ ಒಪ್ಪಿಗೆ ಕೊಟ್ಟಿರುವ ಮೂರ್ನಾಲ್ಕು ಮನೆಗಳ ಹಿತ್ತಲು. ಅಲ್ಲಿಂದ ಗದ್ದೆ ಬದುವಿನ ಮೇಲೆ ಶಿಂಷಾ ನದಿಯ ಕಡೆಗೆ ನಡೆದು, ಒಂಬತ್ತೂವರೆಯ ಒಳಗೆ ವಾಪಸ್. ಎಲ್ಲ ಸೇರಿ ನಾಲ್ಕು ಕಿಲೋಮೀಟರ್ ಆಗಬಹುದು. ನಿಲ್ಲುವುದೇ ಜಾಸ್ತಿ.

ನದಿಯ ದಾರಿಯನ್ನು ಜನ ಉದಾಸೀನ ಮಾಡುತ್ತಾರೆ, ನನಗಂತೂ ಅದೇ ಇಷ್ಟ. ಊರಿನಲ್ಲಿ ಕತ್ತೆತ್ತಿದರೆ ಹಕ್ಕಿ, ಹುಡುಕುವ ಕೆಲಸವೇ ಇಲ್ಲ. ಗದ್ದೆಯಲ್ಲಿ ಕಣ್ಣಿಗೆ ಕೆಲಸ. ತಂತಿಯ ಮೇಲೆ ಕಾಜಾಣ, ಕಳ್ಳಿಪೀರ, ಹಾರುವ ತನಕ ಬಣ್ಣ ಬಚ್ಚಿಟ್ಟುಕೊಂಡು ಕೂರುವ ನೀಲಕಂಠ. ಬದುವಿನಲ್ಲಿ ಟಿಟ್ಟಿಭ, ಮುಳ್ಳುಪೊದೆಯಲ್ಲಿ ಉಲಿಯಕ್ಕಿ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು ಕಲ್ಲು ಬಿದ್ದಂತೆ ಬೀಳುವ ಕಪ್ಪು ಬಿಳಿ ಮಿಂಚುಳ್ಳಿ. ಹಳೇ ಮರದ ಪೊಟರೆಯಲ್ಲಿ ಜೋಡಿ ಹಾಲಕ್ಕಿ (ಚಿಕ್ಕ ಗೂಬೆ) ಕೂತು, ನಮ್ಮನ್ನು ಕಂಡು ತಲೆ ಮೇಲೆ ಕೆಳಗೆ ಆಡಿಸುತ್ತವೆ, ಯಾವುದೋ ತಕರಾರು ಇದ್ದಂತೆ.

ಹಕ್ಕಿ ಕಾಣುವುದು ಗ್ಯಾರಂಟಿನಾ?

ಫೆಬ್ರವರಿಯಲ್ಲಿ ಹಕ್ಕಿ ಕಾಣದೆ ವಾಪಸ್ ಹೋಗಬೇಕೆಂದರೆ ಕಣ್ಣುಮುಚ್ಚಿಕೊಂಡು ಬರಬೇಕು.

ಫೀಸು?

ನಡಿಗೆಗೆ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ತಿಂಡಿಯನ್ನು ಊರಿನ ಮನೆಯೊಂದರಲ್ಲಿ ಮಾಡಿಸುತ್ತೇವೆ, ಅದರ ಖರ್ಚನ್ನು ಹಂಚಿಕೊಂಡು ನೇರ ಅವರ ಕೈಗೇ ಕೊಡುತ್ತೇವೆ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಾಫಿ. ಬ್ರೆಡ್, ಜಾಮ್ ಕಟ್ಟಿಕೊಂಡು ಬರಬೇಡಿ.

ಬೈನಾಕ್ಯುಲರ್ ಕೊಳ್ಳಲೇಬೇಕೇ?

ಬೇಡ. ಇಲ್ಲಿ ಗೂಡುಗಳು ತಲೆಯ ಮೇಲೇ ಇವೆ. ನಮ್ಮ ಹತ್ತಿರ ನಾಲ್ಕು ಇವೆ, ಕೈ ಬದಲಿಸಿಕೊಂಡು ನೋಡಬಹುದು. ಆಮೇಲೆ ಹುಚ್ಚು ಹಿಡಿದರೆ 8x42 ತೆಗೆದುಕೊಳ್ಳಿ: ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್. ಅಂಗಡಿಯವರು 20 ಪಟ್ಟು, 30 ಪಟ್ಟು ಎಂದು ಆಸೆ ತೋರಿಸುತ್ತಾರೆ. ಕೈ ನಡುಗಿದರೆ ಆ ನಡುಕವೂ 20 ಪಟ್ಟು ಆಗುತ್ತದೆ ಎನ್ನುವುದನ್ನು ಹೇಳುವುದಿಲ್ಲ.

ಮೊಬೈಲಿನಲ್ಲಿ ಮರ್ಲಿನ್ ಆ್ಯಪ್ ಇದೆ. ಅದು ಸಾಕಲ್ಲ, ಜೊತೆಗೆ ಯಾರಾದರೂ ಬೇಕಾ?

ಮರ್ಲಿನ್ ಒಳ್ಳೆಯ ಆ್ಯಪ್, ನಾನೂ ಬಳಸುತ್ತೇನೆ. ಆದರೆ ಅದು ಕೂಗು ಕೇಳಿ ಹೆಸರು ಹೇಳುತ್ತದೆ. ಬೆಳ್ಳೂರಿನ ಎರಡು ಮುಖ್ಯ ಅತಿಥಿಗಳೂ ಹೆಚ್ಚುಕಡಿಮೆ ಮೂಕರು! ಬೆಳೆದ ಹೆಜ್ಜಾರ್ಲೆ ಬಾಯಿ ಬಿಡುವುದೇ ಅಪರೂಪ. ಬೆಳೆದ ಕೊಕ್ಕರೆ ಕೊಕ್ಕಿಗೆ ಕೊಕ್ಕು ಬಡಿದು ಕಟಕಟ ಸದ್ದು ಮಾಡುತ್ತದೆ, ಅಷ್ಟೇ. ಗಲಾಟೆ ಎಲ್ಲ ಮರಿಗಳದು. ಒಮ್ಮೆ ಒಬ್ಬರು ಮರದಡಿ ಫೋನು ಹಿಡಿದುಕೊಂಡು ನಿಂತಿದ್ದರು. ತಲೆಯ ಮೇಲೆ ನಲವತ್ತು ಹೆಜ್ಜಾರ್ಲೆ, ಪರದೆಯಲ್ಲಿ ಬಂದದ್ದು ಕಾಗೆ, ಗೊರವಂಕ, ಕೋಗಿಲೆ.

ಇನ್ನೊಂದು ಮಾತು. ಮೊಬೈಲಿನಿಂದ ಹಕ್ಕಿಯ ಕೂಗು ಹಾಕಿ ಹತ್ತಿರ ಕರೆಯುವುದು ನಮ್ಮ ನಡಿಗೆಯಲ್ಲಿ ಇಲ್ಲ. ಗೂಡಿನಲ್ಲಿ ಮೊಟ್ಟೆ ಇಟ್ಟುಕೊಂಡಿರುವ ಹಕ್ಕಿಗೆ ಅದು ಯಾರೋ ಜಗಳಕ್ಕೆ ಕರೆದ ಹಾಗೆ.

ಕ್ಯಾಮೆರಾ ತರಬಹುದೇ? ಡ್ರೋನ್? ರೀಲ್ಸ್?

ಕ್ಯಾಮೆರಾ ಧಾರಾಳವಾಗಿ ತನ್ನಿ, ಫ್ಲ್ಯಾಶ್ ಬೇಡ. ಹಾರುವ ಚಿತ್ರ ಬೇಕು ಅಂತ ಚಪ್ಪಾಳೆ ತಟ್ಟಿ, ಕಲ್ಲೆಸೆದು ಹಕ್ಕಿ ಎಬ್ಬಿಸುವವರನ್ನು ಅಲ್ಲಿಂದಲೇ ಕಳಿಸಿಬಿಡುತ್ತೇವೆ, ಯಾರೇ ಆಗಲಿ. ಬಿಸಿಲಿನಲ್ಲಿ ತಾಯಿ ಹತ್ತು ನಿಮಿಷ ಎದ್ದು ಹೋದರೂ ಗರಿ ಬಾರದ ಮರಿ ಬೆಂದುಹೋಗುತ್ತದೆ. ಮಧ್ಯಾಹ್ನದ ಹೊತ್ತು ಗಮನಿಸಿದರೆ ಕೊಕ್ಕರೆ ಸೂರ್ಯನಿಗೆ ಬೆನ್ನು ಹಾಕಿ, ಎರಡೂ ರೆಕ್ಕೆ ಕೊಡೆಯಂತೆ ಬಿಚ್ಚಿ ಮರಿಗಳಿಗೆ ನೆರಳು ಮಾಡಿಕೊಂಡು ನಿಂತಿರುತ್ತದೆ. ತನ್ನ ಕಾಲ ಮೇಲೆ ತಾನೇ ಹಿಕ್ಕೆ ಹಾಕಿಕೊಂಡು ಮೈ ತಂಪು ಮಾಡಿಕೊಳ್ಳುತ್ತದೆ. ಕೆಂಪಗಿರಬೇಕಾದ ಕಾಲು ಸುಣ್ಣ ಬಳಿದಂತೆ ಕಾಣುವುದು ಅದಕ್ಕೇ.

ಡ್ರೋನ್ ಅನ್ನು ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ರೀಲ್ಸ್ ಮಾಡಿಕೊಳ್ಳಿ, ಮನೆಯವರ ಮುಖ, ಬಾಗಿಲು, ಬಟ್ಟೆ ಒಗೆಯುವ ಕಲ್ಲು ಅದರಲ್ಲಿ ಬರುವುದಾದರೆ ಮೊದಲು ಕೇಳಿ. "ಅವ್ವ, ಒಂದು ಫೋಟೊ ತಗೋಬಹುದಾ?" ಎಂದು ಕೇಳಿದರೆ ಬೇಡ ಎಂದವರನ್ನು ನಾನು ಕಂಡಿಲ್ಲ. ಕೇಳದೆ ತೆಗೆದವರಿಗೆ ಬಿದ್ದ ಬೈಗುಳ ಬೇಕಾದಷ್ಟು ಕೇಳಿದ್ದೇನೆ.

ಈ ಹಕ್ಕಿಗಳಿಂದ ಊರಿನವರಿಗೆ ಏನು ಸಿಗುತ್ತದೆ? ಯಾಕೆ ಸಹಿಸಿಕೊಂಡಿದ್ದಾರೆ?

ಈ ಪ್ರಶ್ನೆ ಕೇಳಿದವರನ್ನು ನಾನು ಒಂದು ಮರದ ಬುಡಕ್ಕೆ ಕರೆದುಕೊಂಡು ಹೋಗುತ್ತೇನೆ. ಜನವರಿಯಲ್ಲಿ ಆ ನೆಲ ಬಿಳಿ. ಹೆಂಚು ಬಿಳಿ, ಕೊಟ್ಟಿಗೆಯ ಮಾಡು ಬಿಳಿ, ತುಳಸಿಕಟ್ಟೆಯ ಅರ್ಧ ಬಿಳಿ. ಹಿಕ್ಕೆ, ಕೊಳೆತ ಮೀನು, ಒಡೆದ ಮೊಟ್ಟೆ ಎಲ್ಲ ಸೇರಿದ ವಾಸನೆ ಮೂಗಿಗೆ ಹೊಡೆಯುತ್ತದೆ. ಆ ವಾಸನೆಯಲ್ಲಿ ಒಬ್ಬ ಅಜ್ಜಿ ಪೊರಕೆ ಹಿಡಿದು ಎಂದಿನಂತೆ ಅಂಗಳ ಗುಡಿಸುತ್ತಿರುತ್ತಾರೆ. ಆರು ತಿಂಗಳು ಹಿಂಗೇ.

ಲಾಭ ಎಂದರೆ ಗೊಬ್ಬರ. ಕೆರೆಯ ಹೂಳುಮಣ್ಣು ತಂದು ಮರದ ಬುಡದಲ್ಲಿ ಹರಡುತ್ತಾರೆ, ಅದರ ಮೇಲೆ ಹಿಕ್ಕೆ ಬೀಳುತ್ತದೆ. ಸೀಸನ್ ಮುಗಿದ ಮೇಲೆ ಬಾಚಿ ಗುಂಡಿಗೆ ಹಾಕಿ ಕೊಳೆಸಿ, ಹೊಲಕ್ಕೆ ಹೊಡೆಯುತ್ತಾರೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಹೇರಳ. ರಾಗಿಗೂ ಭತ್ತಕ್ಕೂ ಇದಕ್ಕಿಂತ ಗೊಬ್ಬರ ಬೇಕಿಲ್ಲ ಎನ್ನುವ ರೈತರು ಇಲ್ಲಿದ್ದಾರೆ.

ನಷ್ಟವೂ ಇದೆ, ಅದನ್ನೂ ಹೇಳಬೇಕು. ಗೂಡಿರುವ ಮರದಲ್ಲಿ ಹುಣಸೆಹಣ್ಣು ಬಡಿಯುವ ಹಾಗಿಲ್ಲ. ಹಣ್ಣು ಬಲಿಯುವ ಕಾಲ, ಮರಿ ಬೆಳೆಯುವ ಕಾಲ ಎರಡೂ ಒಂದೇ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಯಜಮಾನರಿಗೆ ಪರಿಹಾರ ಕೊಡುವ ಪದ್ಧತಿ ಇದೆ. ಆ ದುಡ್ಡು ಹುಣಸೆಯ ಪೇಟೆ ಬೆಲೆಗೆ ಸಮ ಅಲ್ಲ ಎಂದು ಊರಿನವರು ಗೊಣಗುತ್ತಾರೆ, ನನಗೆ ಅವರ ಗೊಣಗಾಟ ನ್ಯಾಯ ಅನ್ನಿಸುತ್ತದೆ. ಬೆಂಗಳೂರಿನಿಂದ ಬಂದು ಎರಡು ಗಂಟೆ ನೋಡಿ "ಎಂಥಾ ಪ್ರಕೃತಿಪ್ರೇಮಿಗಳು" ಎಂದು ಹೊಗಳಿ ಹೋಗುವುದು ಸುಲಭ. ಮರ ಕಡಿದರೆ ಕೈಗೆ ಬರುವ ಮೊತ್ತವನ್ನು ಕಣ್ಣೆದುರು ಇಟ್ಟುಕೊಂಡೂ ಕಡಿಯದೆ ಇರುವುದು ಬೇರೆ ಸಂಗತಿ.

ಇಷ್ಟಾದರೂ ಲಾಭ ನಷ್ಟದ ಲೆಕ್ಕದಲ್ಲಿ ಎಲ್ಲ ಮುಗಿಯುವುದಿಲ್ಲ. ಹಿರಿಯರು ಹೇಳುವ ಪ್ರಕಾರ, ಊರು ಮೊದಲು ಶಿಂಷಾ ದಡದಲ್ಲಿತ್ತು. ನೂರು ವರ್ಷದ ಹಿಂದೆ ಪ್ಲೇಗು ಬಂದಾಗ ಜನ ಆ ಜಾಗ ಬಿಟ್ಟು ಈಗಿನ ಜಾಗಕ್ಕೆ ಬಂದರು. ಹಕ್ಕಿಗಳೂ ಹಿಂದೆಯೇ ಬಂದವಂತೆ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನಾಗಿರುತ್ತದೆ ಎನ್ನುವ ನಂಬಿಕೆಯೂ ಇದೆ.

ಹೊರಗಿನ ಜಗತ್ತಿಗೆ ಇದು ಗೊತ್ತಾದದ್ದು ಯಾವಾಗ?

1970ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಇಲ್ಲಿನ ಹೆಜ್ಜಾರ್ಲೆಗಳ ಬಗ್ಗೆ ಬರೆದ ಮೇಲೆ. ಊರಿನವರಿಗೆ ಅಜ್ಜನ ಕಾಲದಿಂದ ಗೊತ್ತಿತ್ತು, ಹಾಗಾಗಿ "ಪತ್ತೆ ಹಚ್ಚಿದರು" ಎನ್ನುವುದನ್ನು ಸ್ವಲ್ಪ ಹಿಡಿದು ಹೇಳಬೇಕು.

ಗೂಡಿನಿಂದ ಮರಿ ಬಿದ್ದರೆ ಏನು ಮಾಡುತ್ತೀರಿ?

ಬೀಳುತ್ತವೆ. ಗಾಳಿ ಜೋರಾದ ದಿನ ಒಂದೆರಡಾದರೂ. ಹೆಜ್ಜಾರ್ಲೆ ಎರಡರಿಂದ ನಾಲ್ಕು ಮೊಟ್ಟೆ ಇಡುತ್ತದೆ, ಒಂದು ತಿಂಗಳು ಕಾವು. ಮರಿ ಪೂರ್ತಿ ಹಾರುವಷ್ಟು ಬೆಳೆಯಲು ಮತ್ತೆ ಮೂರು ತಿಂಗಳಿಗೂ ಹೆಚ್ಚು ಬೇಕು. ಅಷ್ಟು ದಿನ ಒಂದು ಬುಟ್ಟಿಯಗಲದ ಕಡ್ಡಿ ಗೂಡಿನಲ್ಲಿ ತಳ್ಳಾಟ. ಕೆಳಗೆ ಬಿದ್ದರೆ ತಾಯಿ ಇಳಿದು ಬಂದು ಗುಟುಕು ಕೊಡುವುದಿಲ್ಲ. ನಾಯಿ, ಬೆಕ್ಕು ಕಾಯುತ್ತಿರುತ್ತವೆ.

1990ರ ದಶಕದಲ್ಲಿ ಊರಿನ ಹುಡುಗರು ಮೈಸೂರಿನ ಪಕ್ಷಿಪ್ರಿಯರ ಜೊತೆ ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿದ್ದು ಈ ಮರಿಗಳ ಕಾರಣಕ್ಕೇ. ಮರಗಳ ಕೆಳಗೆ ಬಲೆ ಕಟ್ಟಿದರು, ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟರು. ಒಂದು ಹೆಜ್ಜಾರ್ಲೆ ಮರಿಗೆ ಮೀನು ತಿನ್ನಿಸುವುದು ಎಂದರೆ ಮನೆಗೆ ಇನ್ನೊಬ್ಬ ಅಳಿಯ ಬಂದಂತೆ, ಎಷ್ಟು ಬಡಿಸಿದರೂ ಸಾಲದು.

ಕೆಳಗೆ ಬಿದ್ದ ಮರಿ ಕಂಡರೆ ಮುಟ್ಟಬೇಡಿ, ನೀರು ಕುಡಿಸಲು ಹೋಗಬೇಡಿ, ಬ್ಯಾಗಿನಲ್ಲಿ ಹಾಕಿಕೊಂಡು ಬೆಂಗಳೂರಿಗೆ ಹೊರಡಲೇಬೇಡಿ. (ನಗಬೇಡಿ, ಒಬ್ಬರು ಹೊರಟಿದ್ದರು.) ನಾಯಿ ಬರದಂತೆ ನಿಂತುಕೊಂಡು ನಮ್ಮನ್ನು ಕೂಗಿ.

ಕೆಲವು ವರ್ಷದ ಹಿಂದೆ ಹೆಜ್ಜಾರ್ಲೆಗಳು ಸಾಲಾಗಿ ಸತ್ತವಲ್ಲ, ಏನಾಗಿತ್ತು?

2017ರ ಕೊನೆಯಿಂದ 2018ರ ಆರಂಭದವರೆಗೆ ಹತ್ತಾರು ಹಕ್ಕಿ ಸತ್ತವು. ಕೂತಲ್ಲಿಂದಲೇ ಮರದಿಂದ ಉದುರಿ ಬೀಳುತ್ತಿದ್ದವು. ಮೊದಲಿಗೆ ಎಲ್ಲರಿಗೂ ಹಕ್ಕಿಜ್ವರದ ಭಯ. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಹೊಟ್ಟೆಯಲ್ಲಿ ದುಂಡುಹುಳು. ಇಂಥ ಹುಳು ಮೀನಿನ ಮೂಲಕ ಹಕ್ಕಿಗೆ ದಾಟುತ್ತದೆ, ಕೊಳಕು ನೀರಿನ ಕೆರೆಗಳಲ್ಲಿ ಹೆಚ್ಚುತ್ತದೆ. ಅಂದರೆ ಬೆಳ್ಳೂರಿನ ಮರಗಳನ್ನಷ್ಟೇ ಕಾಪಾಡಿದರೆ ಸಾಲದು, ಹಕ್ಕಿ ಊಟಕ್ಕೆ ಹೋಗುವ ಸುತ್ತಲಿನ ಅಷ್ಟೂ ಕೆರೆಗಳು ನೆಟ್ಟಗಿರಬೇಕು. ಚರಂಡಿ ಬಿಟ್ಟ ಕೆರೆ, ಬತ್ತಿದ ಕೆರೆ, ಒಂದು ಮೀನೂ ಉಳಿಯದಂತೆ ಬಲೆ ಎಳೆದ ಕೆರೆ, ಇವು ಯಾವುವೂ ಮೀಸಲು ಪ್ರದೇಶದ ನಕ್ಷೆಯಲ್ಲಿ ಬರುವುದಿಲ್ಲ. ಅಗಲ ರೆಕ್ಕೆಯ ಹಕ್ಕಿಗಳಿಗೆ ಕರೆಂಟು ತಂತಿಯ ಕಾಟ ಬೇರೆ.

ಹಕ್ಕಿಗಳಿಂದ ನಮಗೆ ರೋಗ ಬರುತ್ತದಾ?

ಸತ್ತ ಹಕ್ಕಿ, ಹಿಕ್ಕೆ ಮುಟ್ಟಬೇಡಿ. ತಿಂಡಿಗೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಆಸ್ತಮಾ ಇರುವವರು ಮರದಡಿ ಹೆಚ್ಚು ಹೊತ್ತು ನಿಲ್ಲಬೇಡಿ, ಮಾಸ್ಕ್ ಇಟ್ಟುಕೊಳ್ಳಿ.

ರಂಗನತಿಟ್ಟಿಗೆ ಹೋಗಲೋ, ಇಲ್ಲಿಗೆ ಬರಲೋ?

ಎರಡಕ್ಕೂ ಹೋಗಿ. ಆದರೆ ಒಂದೇ ದಿನ ಬೇಡ.

ರಂಗನತಿಟ್ಟು ಕಾವೇರಿಯ ನಡುಗಡ್ಡೆಗಳ ಗುಂಪು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ತಾಣಗಳ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ) ಪಟ್ಟಿಗೂ ಸೇರಿತು. ದೋಣಿಯಲ್ಲಿ ಕೂತು ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆ, ಚಮಚದ ಕೊಕ್ಕಿನ ಹಕ್ಕಿ, ನದಿ ರೀವ (ರಿವರ್ ಟರ್ನ್) ಎಲ್ಲ ನೋಡಬಹುದು. ಹಕ್ಕಿಯ ಜಾತಿ ಎಣಿಸುವವರಿಗೆ ಅಲ್ಲಿ ಸುಗ್ಗಿ. ಬೆಳ್ಳೂರಿನಲ್ಲಿ ಜಾತಿ ಕಡಿಮೆ. ಆದರೆ ರಂಗನತಿಟ್ಟಿನಲ್ಲಿ ಹಕ್ಕಿಗೂ ನಿಮಗೂ ನಡುವೆ ನದಿ ಇದೆ. ಇಲ್ಲಿ ಹಕ್ಕಿಗೂ ನಿಮಗೂ ನಡುವೆ ಒಂದು ಬಟ್ಟೆ ಒಣಗಿಸುವ ಹಗ್ಗ ಇರಬಹುದು, ಅಷ್ಟೇ.

ಕನ್ನಡದಲ್ಲಿ ಹಕ್ಕಿ ಹೆಸರು ಹೇಳುತ್ತೀರಾ? ಪುಸ್ತಕದ ಹೆಸರೇ ಬೇರೆ, ನಮ್ಮೂರಿನ ಹೆಸರೇ ಬೇರೆ.

ಕನ್ನಡದಲ್ಲೇ ಹೇಳುತ್ತೇವೆ. ಗೊಂದಲ ಇರುವುದು ನಿಜ. ಹಳೇ ಮೈಸೂರಿನ ಕಡೆ ಉದ್ದ ಕಾಲಿನ ಬಿಳಿ ಹಕ್ಕಿ ಎಲ್ಲವೂ ಕೊಕ್ಕರೆಯೇ, ಬೆಳ್ಳಕ್ಕಿಯೂ ಕೊಕ್ಕರೆ, ಬಕವೂ ಕೊಕ್ಕರೆ. ಹಾಲಕ್ಕಿ ಎಂದರೆ ಉತ್ತರ ಕನ್ನಡದವರಿಗೆ ಒಕ್ಕಲು ಜನಾಂಗ ನೆನಪಾಗುತ್ತದೆ, ಪುಸ್ತಕದಲ್ಲಿ ಅದು ಚಿಕ್ಕ ಗೂಬೆ. ನಿಮ್ಮೂರಿನ ಹೆಸರನ್ನು ನಾಚಿಕೆ ಪಡದೆ ಹೇಳಿ, ನಾವು ಬರೆದಿಟ್ಟುಕೊಳ್ಳುತ್ತೇವೆ. ಹಕ್ಕಿಯ ಗುಣ ನೋಡಿ ಇಟ್ಟ ಹೆಸರು ಪುಸ್ತಕದ ಹೆಸರಿಗಿಂತ ಎಷ್ಟೋ ಸಲ ಚೆನ್ನಾಗಿರುತ್ತದೆ. ಸದಾ ಗುಂಪಿನಲ್ಲಿ ಕಚಪಚ ಎನ್ನುವ ಹಕ್ಕಿಗೆ ಹರಟೆಮಲ್ಲ ಎಂದು ಯಾರು ಇಟ್ಟರೋ, ಅವರ ಕೈಗೊಂದು ಚಿನ್ನದ ಕಡಗ ತೊಡಿಸಬೇಕು.

ಕಂಡ ಹಕ್ಕಿಗಳ ಪಟ್ಟಿಯನ್ನು ನಡಿಗೆಯ ಕೊನೆಯಲ್ಲಿ ಇ-ಬರ್ಡ್‌ಗೆ (ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಹಾಕುತ್ತೇವೆ. ಫೆಬ್ರವರಿಯಲ್ಲಿ ಹಿತ್ತಲ ಹಕ್ಕಿ ಎಣಿಕೆಯ ನಾಲ್ಕು ದಿನ ಬರುತ್ತದೆ. ಆ ವಾರ ಬಂದರೆ ಎಣಿಸುವ ಕೆಲಸ ನಿಮ್ಮದೇ.

ಮಕ್ಕಳನ್ನು, ವಯಸ್ಸಾದವರನ್ನು ಕರೆತರಬಹುದೇ?

ಧಾರಾಳವಾಗಿ. ಊರೊಳಗಿನ ದಾರಿ ಸಮತಟ್ಟು, ಅಜ್ಜ ಅಜ್ಜಿಯರು ಯಾರದಾದರೂ ಜಗಲಿಯ ಮೇಲೆ ಕೂತೇ ಎಲ್ಲ ನೋಡಬಹುದು. ಗಾಲಿಕುರ್ಚಿ ಬೀದಿಯ ಮರಗಳ ತನಕ ಬರುತ್ತದೆ, ಗದ್ದೆ ಬದುವಿಗೆ ಬರುವುದಿಲ್ಲ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಒಂದು ಗಂಟೆಯಲ್ಲಿ ಹಕ್ಕಿಗಿಂತ ಕರು ಮೇಲು ಅನ್ನಿಸುತ್ತದೆ, ಅದೂ ಸರಿಯೇ.

ನಮ್ಮ ನಾಯಿ ತುಂಬ ಸಾಧು. ಕರೆದುಕೊಂಡು ಬರಬಹುದೇ?

ಬೇಡ.

ಶೌಚಾಲಯ ಇದೆಯೇ?

ಹೆದ್ದಾರಿಯ ಹೋಟೆಲಿನಲ್ಲೇ ಮುಗಿಸಿಕೊಂಡು ಬರುವುದು ಜಾಣತನ. ತುರ್ತಾದರೆ ತಿಂಡಿ ಮಾಡಿಕೊಡುವ ಮನೆಯವರನ್ನು ಕೇಳಬಹುದು.

ಏನು ಹಾಕಿಕೊಂಡು ಬರಬೇಕು? ಟೋಪಿ ತರಲೇಬೇಕು ಎಂದು ಯಾಕೆ ಅಷ್ಟು ಒತ್ತಿ ಹೇಳುತ್ತೀರಿ?

ಮಾಸಲು ಬಣ್ಣದ ಹಳೇ ಬಟ್ಟೆ, ಬೂಟು, ನೀರಿನ ಬಾಟಲಿ. ಸೆಂಟು ಹಾಕಿಕೊಂಡು ಬಂದು ಪ್ರಯೋಜನ ಇಲ್ಲ, ಇಲ್ಲಿನ ವಾಸನೆಯ ಮುಂದೆ ಅದು ಸೋಲುತ್ತದೆ.

ಟೋಪಿಯ ವಿಷಯ: ಬಿಸಿಲಿಗಲ್ಲ. ಮೇಲಿನಿಂದ ಬೀಳುವುದು ಹಿಕ್ಕೆ ಒಂದೇ ಅಲ್ಲ. ಕಳೆದ ಮಾರ್ಚ್‌ನಲ್ಲಿ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದಿದ್ದ ಹಿರಿಯರೊಬ್ಬರಿಗೆ ನಾನು ಎರಡು ಸಲ ಹೇಳಿದೆ, "ಸರ್, ಸ್ವಲ್ಪ ಈಚೆ ನಿಂತ್ಕೊಳ್ಳಿ" ಅಂತ. "ಪರವಾಗಿಲ್ಲ, ಇಲ್ಲಿಂದ ಚೆನ್ನಾಗಿ ಕಾಣ್ತದೆ" ಎಂದರು. ಮೇಲೆ ಎರಡು ಮರಿಗಳ ಎಳೆದಾಟದಲ್ಲಿ ಗೇಣುದ್ದದ ಜಿಲೇಬಿ ಮೀನು ಜಾರಿ ನೇರ ಅವರ ಹೆಗಲಿಗೆ ಬಿತ್ತು. ಅರ್ಧ ಜೀರ್ಣವಾಗಿತ್ತು. ಅವರು ಹೆಗಲು ನೋಡಿಕೊಳ್ಳುವಷ್ಟರಲ್ಲಿ ಮನೆಯ ಬೆಕ್ಕು ಗೋಡೆಯಿಂದ ಹಾರಿ ಮೀನನ್ನು ಎತ್ತಿಕೊಂಡು ಹೋಗಿಯೂ ಆಗಿತ್ತು. ಒಳಗಿನಿಂದ ಯಜಮಾನಿ ಬಿಂದಿಗೆ ನೀರು ತಂದು ಕೊಡುತ್ತಾ, "ಸೋಪು ಹಾಕ್ಬ್ಯಾಡಿ ಸಾಮಿ, ಕರೆ ಕೂತ್ಕತದೆ, ಮೊದ್ಲು ಬರೀ ನೀರಲ್ ತೊಳೀರಿ" ಎಂದರು.